ಕವಿಯ ಮನೆಗೆ ವರ್ಷವಿಡೀ ನೆಂಟರು



ನಮ್ಮ ಉಡುಪಿ ಸೀಮೆಯಲ್ಲಿ ಹಳೆಯ ಮನೆಗಳು ಬಹಳ. ಗುತ್ತಿನ ಮನೆ ಇದೆ. ಬೀಡಿನ ಮನೆ ಇದೆ. ನಡುವೆ ಅಂಗಳ ಇರುವ ಚೌಕಿ ಮನೆ ಇದೆ. ಕೆಲವು ಮನೆಗಳಲ್ಲಿ ಈಗಲೂ ಒಲೆ ಉರಿಯುತ್ತದೆ. ಕೆಲವಕ್ಕೆ ಬೀಗ ಬಿದ್ದಿದೆ. ಕೆಲವನ್ನು ಬಿಚ್ಚಿ, ಕಂಬ ತೊಲೆ ಎಲ್ಲ ಮಾರಿಬಿಟ್ಟಿದ್ದಾರೆ.

"ಹಳೇ ಮನೆ ಇಟ್ಟುಕೊಂಡು ಏನು ಮಾಡೋದು? ಹೆಂಚು ಬದಲಿಸೋಕೇ ದುಡ್ಡು ಸಾಲದು" ಅಂತ ನೀವು ಕೇಳಬಹುದು. ಸರಿಯಾದ ಮಾತು. ಬರೀ ಬೀಗ ಹಾಕಿ ಇಟ್ಟರೆ ಗೆದ್ದಲಿಗೆ ಊಟ, ಅಷ್ಟೇ. ಆದರೆ ಜನ ಬಂದು ಹೋಗುವ ಹಾಗೆ ಮಾಡಿದರೆ ಹಳೆಯ ಮನೆಯೂ ಒಂದು ಶಾಲೆ ಆಗುತ್ತದೆ. ಅಂಥ ಒಂದು ಮನೆಯ ವಿಷಯ ಈ ಪಾಠದಲ್ಲಿದೆ. ಅದು ಘಟ್ಟದ ಮೇಲಿನ ಕುಪ್ಪಳಿಯ ಮನೆ.

ಕುಪ್ಪಳಿ ಎಲ್ಲಿದೆ?

ಉಡುಪಿಯಿಂದ ಹೊರಟರೆ ಮಣಿಪಾಲ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ಬರುತ್ತದೆ. ಆಮೇಲೆ ಆಗುಂಬೆ ಘಾಟಿ. ಹದಿನಾಲ್ಕು ತಿರುವು ಹತ್ತಬೇಕು. ಘಾಟಿ ದಾಟಿದರೆ ತೀರ್ಥಹಳ್ಳಿ ತಾಲೂಕು. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಕುಪ್ಪಳಿ ಸಿಗುತ್ತದೆ. ಸುತ್ತ ಕಾಡು, ಅಡಿಕೆ ತೋಟ, ಗದ್ದೆ.

ಬ್ರಿಟಿಷರ ಕಾಲದಲ್ಲಿ ಈ ಘಾಟಿ ಒಂದು ಗಡಿ ಆಗಿತ್ತು. ಕೆಳಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ. ಅದು ಮದರಾಸು ಸರಕಾರಕ್ಕೆ ಸೇರಿತ್ತು. ಮೇಲೆ ಮೈಸೂರು ಮಹಾರಾಜರ ಸಂಸ್ಥಾನ. 1956ರ ನವೆಂಬರ್ 1ರಂದು ಎರಡೂ ಕಡೆಯವರು ಒಂದೇ ರಾಜ್ಯದವರಾದೆವು. ಅದಕ್ಕೂ ಮೊದಲೇ ನಮ್ಮ ಕಡೆಯ ಎಷ್ಟೋ ಮಂದಿ ದುಡಿಮೆ ಹುಡುಕಿಕೊಂಡು ಘಟ್ಟ ಹತ್ತುತ್ತಿದ್ದರು.

ಯಾರ ಮನೆ ಅದು?

ಅದು ಕವಿ ಕುವೆಂಪು ಅವರ ಹಿರಿಯರ ಮನೆ. ಈಗ ಎಲ್ಲರೂ ಅದನ್ನು 'ಕವಿಮನೆ' ಅನ್ನುತ್ತಾರೆ.

ಕುವೆಂಪು ಎಂಬ ಹೆಸರನ್ನು ಬಿಡಿಸಿ ಓದೋಣ. ಕುಪ್ಪಳಿಯ 'ಕು'. ವೆಂಕಟಪ್ಪನ 'ವೆಂ'. ಪುಟ್ಟಪ್ಪನ 'ಪು'. ಕುಪ್ಪಳಿ ಊರಿನ ಹೆಸರು. ವೆಂಕಟಪ್ಪ ತಂದೆಯ ಹೆಸರು. ಪುಟ್ಟಪ್ಪ ಅವರದೇ ಹೆಸರು. ಮೂರು ಅಕ್ಷರ ಸೇರಿ ಕುವೆಂಪು. ನೀವೂ ನಿಮ್ಮ ಊರು, ತಾಯಿ ಅಥವಾ ತಂದೆ, ನಿಮ್ಮ ಹೆಸರು ಸೇರಿಸಿ ಹೀಗೆ ಬರೆದು ನೋಡಿ.

ಅವರ ತಾಯಿ ಸೀತಮ್ಮ. 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ ಅವರು ಹುಟ್ಟಿದರು. ಬೆಳೆದದ್ದು ಕುಪ್ಪಳಿಯ ಈ ದೊಡ್ಡ ಮನೆಯಲ್ಲಿ. ಹನ್ನೆರಡು ವರ್ಷಕ್ಕೇ ತಂದೆ ತೀರಿಕೊಂಡರು. ತೀರ್ಥಹಳ್ಳಿಯಲ್ಲಿ ಓದಿ, ಆಮೇಲೆ ಮೈಸೂರಿಗೆ ಹೋಗಿ ಓದಿದರು. 'ಶ್ರೀ ರಾಮಾಯಣ ದರ್ಶನಂ' ಎಂಬ ದೊಡ್ಡ ಕಾವ್ಯ ಬರೆದರು. ಅದಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. ಶಾಲೆಯಲ್ಲಿ ಮಕ್ಕಳು ಹಾಡುವ ನಾಡಗೀತೆ ಬರೆದವರೂ ಇವರೇ.

ಇಲ್ಲಿ ನಾವು ಹೆಮ್ಮೆ ಪಡುವ ಮಾತೊಂದಿದೆ. ಚಿಕ್ಕಂದಿನಲ್ಲಿ ಪುಟ್ಟಪ್ಪನಿಗೆ ಮನೆಯಲ್ಲೇ ಅಕ್ಷರ ಹೇಳಿಕೊಟ್ಟ ಮೇಷ್ಟ್ರು ನಮ್ಮ ದಕ್ಷಿಣ ಕನ್ನಡದಿಂದ ಹೋದವರು! ಘಟ್ಟ ಹತ್ತಿ ಹೋದ ಒಬ್ಬ ಮೇಷ್ಟ್ರ ಕೈಯಲ್ಲಿ ಅ ಆ ಇ ಈ ಕಲಿತ ಹುಡುಗ ನಾಡಿನ ದೊಡ್ಡ ಕವಿಯಾದ. ಅಕ್ಷರ ಕಲಿಸುವ ಕೆಲಸ ಸಣ್ಣದಲ್ಲ. ಕಲಿಯುವುದೂ ಸಣ್ಣದಲ್ಲ.

ಆದರೆ ಆಗ ಅಕ್ಷರ ಸಿಗುತ್ತಿದ್ದದ್ದು ಹೆಚ್ಚಾಗಿ ಗಂಡುಮಕ್ಕಳಿಗೆ. 1901ರ ಜನಗಣತಿ ಪ್ರಕಾರ ಭಾರತದಲ್ಲಿ ನೂರು ಮಂದಿ ಹೆಂಗಸರಲ್ಲಿ ಓದು ಬಲ್ಲವರು ಒಬ್ಬರೂ ಇರಲಿಲ್ಲ. ಸಾವಿರಕ್ಕೆ ಆರೇಳು ಮಂದಿ ಇದ್ದರು, ಅಷ್ಟೇ. ನಮ್ಮ ಅಜ್ಜಿ, ಮುತ್ತಜ್ಜಿ ಹೆಬ್ಬೆಟ್ಟು ಒತ್ತಿದ್ದು ದಡ್ಡತನದಿಂದಲ್ಲ. ಅವರಿಗೆ ಯಾರೂ ಕಲಿಸಲಿಲ್ಲ.

ಮನೆ ಹೇಗಿದೆ?

ಅದು ಮಲೆನಾಡಿನ ತೊಟ್ಟಿ ಮನೆ. ನಡುವೆ ಬಿಸಿಲು ಮಳೆ ಬೀಳುವ ಅಂಗಳ, ಸುತ್ತ ಕೋಣೆ ಜಗಲಿ. ನಮ್ಮ ಚೌಕಿ ಮನೆಯ ಹಾಗೇ. ಆದರೆ ಇದಕ್ಕೆ ಮೂರು ಅಂತಸ್ತು. ಮರದ ಕಂಬ, ಮರದ ಮೆಟ್ಟಿಲು, ಹೆಂಚಿನ ಮಾಡು. ಮನೆ ಹಳತಾಗಿ ಕೆಟ್ಟಿತ್ತು. ಮೊದಲಿನ ರೂಪದಲ್ಲೇ ಅದನ್ನು ಸರಿಪಡಿಸಿದರು. ಈಗ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತದೆ. ಸರಕಾರದ ನೆರವೂ ಇದೆ. ಸರಕಾರದ ಹಣ ಅಂದರೆ ನಮ್ಮ ತೆರಿಗೆ ಹಣ. ಸಾಬೂನು ಕೊಳ್ಳುವ ನಮ್ಮ ಪಾಲೂ ಅದರಲ್ಲಿದೆ.

ಒಳಗೆ ಏನಿದೆ? ಕವಿಯ ಪುಸ್ತಕ, ಬಟ್ಟೆ, ಫೋಟೋ, ಪ್ರಶಸ್ತಿ ಇದೆ. ಹಳೆಯ ಕಾಲದ ಅಡುಗೆ ಸಾಮಾನು, ಬೇಸಾಯದ ಸಾಮಾನು ಇದೆ. ಕುವೆಂಪು ಮತ್ತು ಹೇಮಾವತಿ ಅವರ ಮದುವೆ ಆದದ್ದು 1937ರಲ್ಲಿ. ಆ ಮದುವೆಯ ಮಂಟಪವನ್ನೂ ಜೋಪಾನ ಮಾಡಿ ಇಟ್ಟಿದ್ದಾರೆ.

ಅಡುಗೆ ಸಾಮಾನು ನೋಡೋಕೆ ಅಷ್ಟು ದೂರ ಹೋಗಬೇಕಾ ಅಂತ ನಗಬೇಡಿ. ಒರಳು, ಒನಕೆ, ಬೀಸುಕಲ್ಲು ಹೆಂಗಸರ ಕೈಯಲ್ಲೇ ಸವೆದವು. ಬತ್ತ ಕುಟ್ಟಿ, ಬೇಯಿಸಿ, ಇಪ್ಪತ್ತು ಮೂವತ್ತು ಜನಕ್ಕೆ ಬಡಿಸಿದ ಮೇಲೇ ದೊಡ್ಡ ಮನೆ ದೊಡ್ಡ ಮನೆ ಆದದ್ದು. ಬಡಿಸಿದವರ ಹೆಸರು ಪುಸ್ತಕದಲ್ಲಿ ಇಲ್ಲ. ಅವರ ಕೈಯ ಗುರುತು ಈ ಸಾಮಾನಿನ ಮೇಲಿದೆ. ನಿಮ್ಮ ಅತ್ತೆಯ ಮೆಟ್ಟುಕತ್ತಿ, ಅಜ್ಜಿಯ ಕಡೆಯುವ ಕಲ್ಲು ಗುಜರಿಗೆ ಹಾಕುವ ಮುಂಚೆ ಈ ಮಾತು ನೆನಪಿಡಿ.

ವರ್ಷದಲ್ಲಿ ಏನೇನು ನಡೆಯುತ್ತದೆ?

ಮಳೆಗಾಲದಲ್ಲಿ ಕುಪ್ಪಳಿ ಶಾಂತ. ಘಾಟಿಯಲ್ಲಿ ಮಣ್ಣು ಜರಿದು ವಾಹನ ನಿಲ್ಲಿಸುವುದೂ ಉಂಟು. ಆಗ ಹೋಗುವವರು ವಿಚಾರಿಸಿಯೇ ಹೊರಡಬೇಕು.

ನವೆಂಬರ್ ಬಂತೆಂದರೆ ಜನ ಬರುತ್ತಾರೆ. ಮೊದಲ ದಿನ ಕನ್ನಡ ರಾಜ್ಯೋತ್ಸವ. ಕುವೆಂಪು ತೀರಿಕೊಂಡದ್ದೂ ಅದೇ ತಿಂಗಳು, 1994ರ ನವೆಂಬರ್ 11ರಂದು. ಮೈಸೂರಿನಿಂದ ಅವರನ್ನು ಊರಿಗೇ ತಂದರು. ಮನೆಯ ಹಿಂದಿನ ಗುಡ್ಡದ ಮೇಲೆ 'ಕವಿಶೈಲ' ಎಂಬ ಬಂಡೆಯ ಜಾಗ ಇದೆ. ಅಲ್ಲೇ ಮಣ್ಣಾದರು. ಅಲ್ಲಿ ಕೂತು ಅವರು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಬಂಡೆಯ ಮೇಲೆ ಅವರ ಹೆಸರು, ಅವರ ಗುರುಗಳ ಹೆಸರು ಕೆತ್ತಿದೆ. ಹೋದವರು ನೀವೇ ಓದಿ. ಇನ್ನೊಬ್ಬರು ಓದಿ ಹೇಳುವವರೆಗೆ ಕಾಯಬೇಡಿ.

ಡಿಸೆಂಬರ್ 29 ಹುಟ್ಟಿದ ದಿನ. 2015ರಿಂದ ಕರ್ನಾಟಕ ಸರಕಾರ ಆ ದಿನವನ್ನು 'ವಿಶ್ವಮಾನವ ದಿನ' ಎಂದು ಆಚರಿಸುತ್ತಿದೆ. ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವ, ಬೆಳೆಸುತ್ತ ನಾವು ಅದಕ್ಕೆ ಜಾತಿಯ ಬೇಲಿ ಕಟ್ಟುತ್ತೇವೆ ಎನ್ನುವುದು ಕುವೆಂಪು ವಿಚಾರ. ಆ ದಿನ ಕುಪ್ಪಳಿಯಲ್ಲಿ ಸಭೆ, ಭಾಷಣ, ಹಾಡು ನಡೆಯುತ್ತದೆ. ಚಳಿಗಾಲದಲ್ಲಿ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳೂ ಬರುತ್ತವೆ.

ಮನೆ ಕಾಯುವ ಕೆಲಸವೂ ವರ್ಷವಿಡೀ ಇದೆ. 2015ರ ನವೆಂಬರ್‌ನಲ್ಲಿ ಕಳ್ಳರು ಒಳಗೆ ನುಗ್ಗಿ ಕವಿಗೆ ಬಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ನಾಡಿನವರೆಲ್ಲ ತಮ್ಮ ಮನೆಯಲ್ಲೇ ಕಳವಾದಷ್ಟು ಸಂಕಟಪಟ್ಟರು. ಹಳೆಯದನ್ನು ಉಳಿಸುವುದು ಅಂದರೆ ಒಂದು ದಿನದ ಹಬ್ಬ ಅಲ್ಲ. ದಿನಾ ಗುಡಿಸಬೇಕು, ದಿನಾ ಕಾಯಬೇಕು.

ಸಾಲ ಇಲ್ಲದ ಮದುವೆ

ಕುಪ್ಪಳಿಯಲ್ಲಿ ನಡೆಯುವ ಇನ್ನೊಂದು ಕಾರ್ಯಕ್ರಮ ನಮಗೆ ಎಲ್ಲಕ್ಕಿಂತ ಮುಖ್ಯ. ಅದು ಮದುವೆ.

ಕುವೆಂಪು 'ಮಂತ್ರ ಮಾಂಗಲ್ಯ' ಎಂಬ ಸರಳ ಮದುವೆಯ ಕ್ರಮ ಮಾಡಿದರು. ಅದಕ್ಕೆ ಒಂದು ಚಿಕ್ಕ ಪುಸ್ತಕ ಇದೆ. 1966ರಲ್ಲಿ ಅವರ ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಕುಪ್ಪಳಿಯಲ್ಲಿ ಹೀಗೇ ಆಯಿತು. ಆ ಮದುಮಗಳು ರಾಜೇಶ್ವರಿ ಮುಂದೆ ತಾವೇ ಲೇಖಕಿಯಾದರು. ಈಗ ಬೇರೆ ಊರುಗಳ ಹುಡುಗ ಹುಡುಗಿಯರೂ ಕುಪ್ಪಳಿಗೆ ಬಂದು ಹೀಗೆ ಮದುವೆ ಆಗುತ್ತಾರೆ. ಅಲ್ಲಿ 'ಹೇಮಾಂಗಣ' ಎಂಬ ಸಭಾಂಗಣ ಇದೆ. ಹೇಮಾವತಿ ಅಮ್ಮನ ಹೆಸರು ಅದಕ್ಕೆ.

ಈ ಮದುವೆ ಹೇಗೆ? ವರದಕ್ಷಿಣೆ ಇಲ್ಲ. ಜಾತಿ, ಜಾತಕ ಕೇಳುವುದಿಲ್ಲ. ಪುರೋಹಿತರೇ ಬೇಕೆಂದಿಲ್ಲ. ನೆಂಟರು ಸ್ವಲ್ಪ ಮಂದಿ ಸಾಕು. ಓದು ಬಲ್ಲ ಹಿರಿಯರೊಬ್ಬರು ಪುಸ್ತಕ ಓದಿಸುತ್ತಾರೆ. ಅರ್ಥ ಕನ್ನಡದಲ್ಲೇ ಇದೆ. ಹುಡುಗ ಹುಡುಗಿ ಇಬ್ಬರೂ ಸಮ ಎಂದು ಒಪ್ಪಿ ಮಾತು ಕೊಡುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಮಗಳ ಮದುವೆಗೆ 3 ಲಕ್ಷ ರೂಪಾಯಿ ಸಾಲ ತಂದೆವು ಅನ್ನಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ತಿಂಗಳಿಗೆ 9,000 ರೂಪಾಯಿ ಆಯಿತು. ವರ್ಷಕ್ಕೆ 1,08,000. ಅಸಲು ಹಾಗೇ ಇರುತ್ತದೆ! ಬೀಡಿ ಕಟ್ಟಿ, ಮೀನು ಮಾರಿ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಇದನ್ನು ತೀರಿಸುವುದು ಯಾವಾಗ? ಊಟ ಮಾಡಿ ಹೋದವರು ಹಪ್ಪಳ ಚೆನ್ನಾಗಿರಲಿಲ್ಲ ಅಂತ ಹೇಳಿಯೇ ಹೋಗುತ್ತಾರೆ. ಸಾಲ ಮಾತ್ರ ನಮ್ಮ ಮನೆಯಲ್ಲೇ ಉಳಿಯುತ್ತದೆ.

ಎಲ್ಲರೂ ಕುಪ್ಪಳಿಗೇ ಹೋಗಿ ಮದುವೆ ಮಾಡಬೇಕು ಅಂತ ನಾವು ಹೇಳುತ್ತಿಲ್ಲ. ಅವರವರ ಮನೆಯ ಪದ್ಧತಿ ಅವರವರಿಗೆ. ದೇವರ ಎದುರು ಆಗಲಿ, ಅಂಗಳದ ಚಪ್ಪರದಲ್ಲಿ ಆಗಲಿ, ಸಾಲ ಇಲ್ಲದೆ, ವರದಕ್ಷಿಣೆ ಇಲ್ಲದೆ ಮದುವೆ ಮಾಡಬಹುದು ಎಂಬುದನ್ನು ಆ ಊರು ತೋರಿಸಿಕೊಟ್ಟಿದೆ.

ಕಾನೂನಿನ ಮಾತೂ ತಿಳಿದಿರಲಿ.

- ಹುಡುಗಿಗೆ 18 ವರ್ಷ, ಹುಡುಗನಿಗೆ 21 ವರ್ಷ ತುಂಬಿರಬೇಕು.
- 1961ರ ವರದಕ್ಷಿಣೆ ನಿಷೇಧ ಕಾಯ್ದೆ ಪ್ರಕಾರ ವರದಕ್ಷಿಣೆ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಕೇಳುವುದೂ ತಪ್ಪೇ.
- ಮದುವೆ ಹೇಗೇ ಆಗಲಿ, ನೋಂದಣಿ ಮಾಡಿಸಿ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನಾಳೆ ಏನಾದರೂ ತೊಂದರೆ ಬಂದರೆ ಆ ಕಾಗದವೇ ಸಾಕ್ಷಿ.
- ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬಹುದು. ಅದಕ್ಕೆ 30 ದಿನ ಮುಂಚೆ ನೋಟಿಸು ಕೊಡಬೇಕು.

ನೋಂದಣಿ ಕಾಗದಕ್ಕೆ ಸಹಿ ಹಾಕುವ ಮುಂಚೆ ಓದಿ. ಮದುಮಗಳೂ ಓದಲಿ, ಮದುಮಗಳ ತಾಯಿಯೂ ಓದಲಿ. ತಾನು ಕೊಡುವ ಮಾತನ್ನು ತಾನೇ ಓದಿ ಕೊಡುವ ಹೆಣ್ಣಿಗೆ ಬೇರೆಯದೇ ಧೈರ್ಯ ಇರುತ್ತದೆ.

ನಮ್ಮ ಹತ್ತಿರವೂ ಇವೆ

ಕವಿಗಳ ಮನೆ ಉಳಿಸುವುದು ಬೇರೆ ದೇಶದಲ್ಲೂ ಇದೆ. ಇಂಗ್ಲೆಂಡಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಮನೆಯನ್ನು ನೋಡಲು ಲೋಕದ ಜನ ಹೋಗುತ್ತಾರೆ. ನಮ್ಮ ಸುತ್ತಮುತ್ತಲೂ ನೋಡಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬಹುಕಾಲ ಇದ್ದ 'ಬಾಲವನ' ಪುತ್ತೂರಿನಲ್ಲಿದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಮನೆ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು ಬಿದ್ದುಹೋಗುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಅದೇ ಹಸ್ತಶಿಲ್ಪ ಗ್ರಾಮ.

ನಿಮ್ಮ ಸಂಘದವರು ಸೇರಿ ವರ್ಷಕ್ಕೊಂದು ಸಲ ಇಂಥ ಒಂದು ಮನೆಗೆ ಹೋಗಿ ಬನ್ನಿ. ಬುತ್ತಿ ಕಟ್ಟಿಕೊಳ್ಳಿ. ಮಕ್ಕಳನ್ನೂ ಕರೆದುಕೊಳ್ಳಿ. ಬಾಗಿಲಲ್ಲಿ ಬರೆದ ಸಮಯ, ಟಿಕೇಟಿನ ದರ ನೀವೇ ಓದಿ. ನೋಡಿದವರು ಹೆಸರು ಬರೆಯುವ ಪುಸ್ತಕ ಇದ್ದರೆ ಕೇಳಿ. ಅದರಲ್ಲಿ ನಿಮ್ಮ ಹೆಸರು, ಊರು ಬರೆಯಿರಿ. ಹೆಬ್ಬೆಟ್ಟು ಬೇಡ.

ಓದಿ, ಮಾತಾಡಿ, ಬರೆಯಿರಿ

1. 'ಕುವೆಂಪು' ಎಂಬ ಹೆಸರು ಹೇಗೆ ಬಂತು?
2. ನಿಮ್ಮ ಊರಿನ ಅತಿ ಹಳೆಯ ಮನೆ ಯಾವುದು? ಅಲ್ಲಿ ಯಾರು ಯಾರು ದುಡಿದರು? ಹಿರಿಯರನ್ನು ಕೇಳಿ ಐದು ಸಾಲು ಬರೆಯಿರಿ.
3. 2 ಲಕ್ಷ ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ವರ್ಷಕ್ಕೆ ಎಷ್ಟು ಆಯಿತು?
4. ನಿಮ್ಮ ಮನೆಯ ಮುಂದಿನ ಮದುವೆಯಲ್ಲಿ ಯಾವ ಖರ್ಚು ಬಿಡಬಹುದು? ಸಂಘದಲ್ಲಿ ಕೂತು ಮಾತಾಡಿ.