ಗಿಯರ್ ಪೆಟ್ಟಿಗೆಯಲ್ಲಿ ಕಂಚಿನ ಬುಶ್

ತಿರುಗುವ ವಸ್ತು ಎಲ್ಲಿದೆಯೋ ಅಲ್ಲಿ ಘರ್ಷಣೆಯೂ ಇದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಇದಕ್ಕಾಗಿಯೇ. ಯಂತ್ರಗಳಲ್ಲಿ ಘರ್ಷಣೆಯನ್ನು ತಗ್ಗಿಸಲು ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು, ದಂಡದ ಸುತ್ತ ಕೂರಿಸಿದ ಕಂಚಿನ ಕೊಳವೆ, ಅಂದರೆ ಬುಶ್. ಅದರೊಳಗೆ ಎಣ್ಣೆಯ ತೆಳುಪದರವಿರುತ್ತದೆ. ಇನ್ನೊಂದು, ಉಕ್ಕಿನ ಉರುಳೆಗಳನ್ನು ಜೋಡಿಸಿದ ರೋಲರ್ ಬೇರಿಂಗ್. ಜಾರುವುದಕ್ಕಿಂತ ಉರುಳುವುದು ಸುಲಭವೆಂದು ನಾವು ಪಾಠದಲ್ಲಿ ಓದಿದ್ದೇವೆ. ಹಾಗಿದ್ದೂ ಹಲವು ಕಾರುಗಳ ಗಿಯರ್ ಪೆಟ್ಟಿಗೆಯಲ್ಲಿ ಕಂಚಿನ ಬುಶ್ಶನ್ನೇ ಏಕೆ ಹಾಕಿದರು?

ಇದನ್ನು ತಿಳಿಯಲು ಪೆಟ್ಟಿಗೆಯ ಒಳಗನ್ನು ನೋಡೋಣ. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರಿನಂತೆ, ಮುಂದೆ ಇಂಜಿನ್ ಇದ್ದು ಹಿಂದಿನ ಗಾಲಿಗಳಿಗೆ ಚಾಲನೆ ದೊರೆಯುವ ಕಾರುಗಳಲ್ಲಿ ಇಂಜಿನ್ ಮೊದಲು ಕೆಳಗಿನ ಉಪದಂಡವನ್ನು ತಿರುಗಿಸುತ್ತದೆ. ಉಪದಂಡದ ಹಲ್ಲುಗಳು ಮೇಲಿನ ಮುಖ್ಯದಂಡದ ಗಿಯರುಗಳನ್ನು ತಿರುಗಿಸುತ್ತವೆ. ಆದರೆ ಈ ಗಿಯರುಗಳು ಮುಖ್ಯದಂಡಕ್ಕೆ ಅಂಟಿಕೊಂಡಿಲ್ಲ. ಅದರ ಮೇಲೆ ಬಿಡಿಯಾಗಿ ಸುತ್ತುತ್ತಿರುತ್ತವೆ. ಚಾಲಕನು ಆರಿಸಿದ ಗಿಯರ್ ಮಾತ್ರ ದಂಡಕ್ಕೆ ಬಿಗಿಯಾಗಿ ಸೇರುತ್ತದೆ.

ಕಾರು ನಾಲ್ಕನೆಯ ಗಿಯರಿನಲ್ಲಿ ನೇರ ಚಾಲನೆಯಿಂದ ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಇಂಜಿನ್ ಮತ್ತು ಮುಖ್ಯದಂಡ ಎರಡೂ ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಎರಡನೆಯ ಗಿಯರಿನ ಅನುಪಾತ 2 ಆಗಿದ್ದರೆ ಆ ಗಿಯರ್ 1500 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಅದರ ಬುಶ್ಶಿನಲ್ಲಿ ನಿಮಿಷಕ್ಕೆ 1500 ಸುತ್ತಿನ ಉಜ್ಜಾಟವಿದೆ. ಆದರೆ ಆಗ ಅದರ ಮೇಲೆ ಭಾರವಿಲ್ಲ. ಎರಡನೆಯ ಗಿಯರನ್ನೇ ಹಾಕಿದಾಗ ಪೂರ್ತಿ ಭಾರ ಬೀಳುತ್ತದೆ. ಆದರೆ ಗಿಯರ್ ಮತ್ತು ದಂಡ ಒಂದಾಗಿ ತಿರುಗುವುದರಿಂದ ಉಜ್ಜಾಟವಿಲ್ಲ. ಭಾರವೂ ಉಜ್ಜಾಟವೂ ಒಟ್ಟಿಗೆ ಬಾರದ ಈ ಸ್ಥಾನಕ್ಕೆ ಬುಶ್ ಸಾಕಾಗುತ್ತದೆ.

ಅಷ್ಟೇ ಅಲ್ಲ. ಗಿಯರ್ ದಂಡಕ್ಕೆ ಸೇರಿದಾಗ ಉರುಳೆಗಳು ಉರುಳದೆ ಒಂದೇ ಕಡೆ ನಿಲ್ಲುತ್ತವೆ. ಅವು ದಂಡವನ್ನು ತಾಗುವುದು ಕಿರಿದಾದ ಗೆರೆಗಳಲ್ಲಿ. ಭಾರ ಮತ್ತು ಅದುರುವಿಕೆಯಿಂದ ಅಲ್ಲಿ ಗೀರು ಬೀಳಬಹುದು. ಬುಶ್ಶಾದರೋ ಭಾರವನ್ನು ಅಗಲವಾಗಿ ಹಂಚುತ್ತದೆ. ಅದು ತೆಳ್ಳಗಿರುತ್ತದೆ, ಬೆಲೆಯೂ ಕಡಿಮೆ.

ಹಾಗೆಂದು ಎಲ್ಲ ಕಡೆಗೂ ಬುಶ್ ಸಲ್ಲದು. ಮುಖ್ಯದಂಡವನ್ನು ಪೆಟ್ಟಿಗೆಯ ಗೋಡೆಯಲ್ಲಿ ಹೊರುವ ಕಡೆ ಭಾರವೂ ತಿರುಗಾಟವೂ ಒಟ್ಟಿಗಿರುವುದರಿಂದ ಗುಂಡು ಅಥವಾ ರೋಲರ್ ಬೇರಿಂಗ್ ಬೇಕು. ಸೂಜಿಯಂಥ ಸಣ್ಣ ರೋಲರುಗಳಿಗೆ ಸ್ವಲ್ಪ ಎಣ್ಣೆ ಸಾಕು, ಎಳೆತವೂ ಕಡಿಮೆ. ಆದ್ದರಿಂದ ಅನೇಕ ಕಾರುಗಳಲ್ಲಿ ಬಿಡಿ ಗಿಯರುಗಳಿಗೂ ಅವನ್ನೇ ಬಳಸುತ್ತಾರೆ.

ಬುಶ್ಶಿನ ಪ್ರಾಣವಿರುವುದು ಎಣ್ಣೆಯಲ್ಲಿ. ಹಿಂದಿನ ಆಕ್ಸಲಿನ ಗಿಯರುಗಳಿಗೆಂದು ಗಂಧಕದ ಸಂಯುಕ್ತ ಬೆರೆಸಿದ ಕೆಲವು ಎಣ್ಣೆಗಳು ತಾಮ್ರ ಮತ್ತು ಕಂಚನ್ನು ತಿನ್ನುತ್ತವೆ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಇನ್ನೊಂದು ಅಪಾಯವೂ ಇದೆ. ಕೆಟ್ಟುನಿಂತ ಇಂಥ ಕಾರನ್ನು ನ್ಯೂಟ್ರಲಿನಲ್ಲಿಟ್ಟು, ಹಿಂದಿನ ಗಾಲಿಗಳು ನೆಲದ ಮೇಲಿರುವಂತೆ ಬಹುದೂರ ಎಳೆದೊಯ್ದರೆ, ಗಾಲಿಗಳು ಮುಖ್ಯದಂಡವನ್ನು ತಿರುಗಿಸುತ್ತವೆ. ಆದರೆ ಎಣ್ಣೆಯನ್ನು ಎರಚಬೇಕಾದ ಉಪದಂಡ ಸುಮ್ಮನೆ ನಿಂತಿರುತ್ತದೆ. ಬುಶ್ಶುಗಳು ಒಣಗಿ, ಕಾದು, ದಂಡವನ್ನು ಕಚ್ಚಿಕೊಳ್ಳಬಹುದು. ಹಿಂದಿನ ಗಾಲಿಗಳನ್ನು ಎತ್ತಿ ಎಳೆಯುವುದು, ಇಲ್ಲವೇ ಪ್ರೊಪೆಲ್ಲರ್ ಶಾಫ್ಟನ್ನು ಕಳಚುವುದು ಇದಕ್ಕೆ ಪರಿಹಾರ.

ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಭಾರ ಎಷ್ಟು, ಉಜ್ಜಾಟ ಎಷ್ಟು, ಎಣ್ಣೆ ತಲಪುವುದೇ ಎಂಬ ಮೂರನ್ನು ಕೇಳಿಕೊಂಡೇ ಆರಿಸಬೇಕು.