ಬೇಸಿಗೆಯ ಮೊದಲ ಮೋಡಗಳು

ಫಾಲ್ಗುಣ ಕಳೆದು ಚೈತ್ರ ಕಾಲಿರಿಸುವ ಹೊತ್ತಿಗೆ ಬೈಲಹೊಂಗಲ ತಾಲ್ಲೂಕಿನ ನೇಸರಗಿಯ ಸುತ್ತಲಿನ ಎರೆ ಹೊಲಗಳು ಬಹುಮಟ್ಟಿಗೆ ಬರಿದಾಗಿರುತ್ತವೆ. ಬಿಳಿಜೋಳ, ಕಡಲೆ, ಗೋದಿಗಳ ಕೊಯ್ಲು ಮುಗಿದು ಕೆಲವರ ಕಾಳು ಮನೆ ಸೇರಿದ್ದರೆ, ಇನ್ನು ಕೆಲವರದು ಕಣದಲ್ಲಿಯೇ ಇರುತ್ತದೆ. ವರ್ಷವಿಡೀ ದನಕರುಗಳ ಹೊಟ್ಟೆ ಹೊರೆಯಬೇಕಾದ ಕಣಿಕೆ ಇನ್ನೂ ಬಣವೆಗೆ ಏರಿರುವುದಿಲ್ಲ. ಅಂಥ ದಿನಗಳಲ್ಲಿ ‘ಮುಂದಿನ ವಾರ ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗುಸಹಿತ ಮಳೆಯಾಗುವ ಸಂಭವವಿದೆ’ ಎಂಬ ಮುನ್ಸೂಚನೆ ಕಿವಿಗೆ ಬಿದ್ದರೆ ರೈತನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಆ ಒಂದೆರಡು ಕಡೆಗಳಲ್ಲಿ ನನ್ನ ಕಣವೂ ಸೇರಿದೆಯೆ?

ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಯಾವ ಹವಾಮಾನ ತಜ್ಞನೂ ವಾರ ಮುಂಚಿತವಾಗಿ ಕೊಡಲಾರ. ಏಕೆ ಕೊಡಲಾರ, ಆತ ಹೇಳಬಲ್ಲಷ್ಟರಿಂದಲೇ ನಮಗಾಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಕಿತ್ತೂರು ಸಹ್ಯಾದ್ರಿಯ ಸೆರಗಿಗೆ ಸಮೀಪದ್ದು. ಅಲ್ಲಿಂದ ಬೈಲಹೊಂಗಲ, ಸವದತ್ತಿಗಳನ್ನು ದಾಟಿ ರಾಮದುರ್ಗದತ್ತ ಮೂಡಣಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಬಿಸಿಲು ಬಲಿಯುತ್ತದೆ. ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಇದೇ ಹಾದಿಯಲ್ಲಿ ಹರಿದು, ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು, ರಾಮದುರ್ಗದ ಕಡೆಗೆ ಸಾಗುತ್ತಾಳೆ. ಒಂದೇ ನದಿಯ ಮಡಿಲಿನ ಊರುಗಳಾದರೂ ಇವುಗಳ ಹವೆ ಒಂದೇ ಅಲ್ಲ.

ಸೂರ್ಯನು ಉತ್ತರಕ್ಕೆ ಸರಿಯುತ್ತ ಮೇ ಮೊದಲ ವಾರದ ಸುಮಾರಿಗೆ ನಡುಹಗಲಿನಲ್ಲಿ ಈ ಸೀಮೆಯ ನೆತ್ತಿಗೆ ಬರುತ್ತಾನೆ. ಅದಕ್ಕೆ ಮೊದಲೇ ಬರಿದಾದ ಕಪ್ಪು ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರತೊಡಗುತ್ತದೆ. ಈ ಕಾಲದಲ್ಲಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಕಡಿಮೆ ಒತ್ತಡದ ಒಂದು ಪಟ್ಟಿ ಆಗಾಗ ಹಾಯುತ್ತದೆ. ಸಮುದ್ರದ ತೇವವನ್ನು ಹೊತ್ತ ಗಾಳಿಯೂ ಒಳನಾಡಿನ ಒಣಗಾಳಿಯೂ ಅಲ್ಲಿ ಸಂಧಿಸಿದಾಗ, ಮಧ್ಯಾಹ್ನದ ಮೇಲೆ ಮೋಡಗಳು ಗೋಪುರಗಳಂತೆ ಬೆಳೆಯುತ್ತವೆ. ಅವುಗಳ ತುದಿ ಹತ್ತು ಕಿಲೋಮೀಟರಿಗೂ ಎತ್ತರಕ್ಕೆ ಹೋದಾಗ ಒಳಗೆ ನೀರು ಹೆಪ್ಪುಗಟ್ಟಿ ಆಣೆಕಲ್ಲು ರೂಪುಗೊಳ್ಳುತ್ತದೆ. ಮಳೆಯೊಡನೆ ತಣ್ಣನೆಯ ಗಾಳಿ ರಭಸದಿಂದ ಕೆಳಗಿಳಿದು ನೆಲದುದ್ದಕ್ಕೂ ಹರಡುತ್ತದೆ. ಹನಿ ಬೀಳುವ ಮೊದಲೇ ಧೂಳೆಬ್ಬಿಸಿ ಬಣವೆ ಕೆಡಹುವ ಗಾಳಿ ಇದೇ. ಇಂಥ ಮಳೆಗೆ ನಮ್ಮವರು ‘ಅಡ್ಡಮಳೆ’ ಎಂದು ಹೆಸರಿಟ್ಟಿದ್ದಾರೆ.

ಇಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು. ಆಯುಷ್ಯ ಒಂದು ಗಂಟೆಯ ಆಸುಪಾಸು. ಭಾರತದ ಹವಾಮಾನ ಇಲಾಖೆಯು 2025ರ ಮೇ ತಿಂಗಳಿನಲ್ಲಿ ಬಳಕೆಗೆ ತಂದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ಯೂ ನಾಡನ್ನು ಆರು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿಯೇ ಲೆಕ್ಕ ಹಾಕುತ್ತದೆ. ಅದಕ್ಕೆ ಹಿಂದೆ ಚೌಕದ ಅಳತೆ ಹನ್ನೆರಡು ಕಿಲೋಮೀಟರು ಇತ್ತು. ಮೋಡ ಹುಟ್ಟುವ ವಾತಾವರಣವನ್ನು ಈ ಲೆಕ್ಕ ಮುಂಚೆಯೇ ಗುರುತಿಸಬಲ್ಲದು; ಮೋಡ ಯಾವ ಊರಿನ ಮೇಲೆ ಒಡೆಯುವುದೆಂದು ಹೇಳಲಾರದು.

ಆದುದರಿಂದಲೇ ಮುನ್ಸೂಚನೆಯ ಮಾತುಗಳಿಗೆ ಇಲಾಖೆ ನಿಶ್ಚಿತವಾದ ಅರ್ಥವನ್ನು ಕೊಟ್ಟಿದೆ. ಒಂದು ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ಕಾಲುಭಾಗದವರೆಗೆ ಮಾತ್ರ ಮಳೆಯಾದರೆ ಅದು ‘ಒಂದೆರಡು ಕಡೆ’. ಶೇಕಡಾ 26ರಿಂದ 50ರವರೆಗಾದರೆ ‘ಕೆಲವೆಡೆ’. 51ರಿಂದ 75ರವರೆಗೆ ‘ಹಲವೆಡೆ’. ಅದಕ್ಕೂ ಮಿಕ್ಕರೆ ‘ಬಹುತೇಕ ಎಲ್ಲೆಡೆ’. ಒಂದು ದಿನಕ್ಕೆ ಎರಡೂವರೆ ಮಿಲಿಮೀಟರಾದರೂ ಬಿದ್ದರೆ ಮಾತ್ರ ಅದು ಮಳೆಯ ದಿನ. ‘ಭಾರಿ ಮಳೆ’ ಎನ್ನಬೇಕಾದರೆ 64.5 ಮಿಲಿಮೀಟರನ್ನು ಮುಟ್ಟಬೇಕು. ಸಂಗೊಳ್ಳಿಯಲ್ಲಿ ಸುರಿದು ನೇಸರಗಿಯಲ್ಲಿ ಹನಿಯೂ ಬೀಳದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಹಳಿಯುವುದುಂಟು. ಆದರೆ ‘ಒಂದೆರಡು ಕಡೆ’ ಎಂಬ ಮಾತಿನ ಅರ್ಥವೇ ಅದು.

ವಾರದ ಏಳು ದಿನಗಳೂ ಸಮಾನವಾಗಿ ನಂಬತಕ್ಕವಲ್ಲ. ಮೊದಲ ಎರಡು ಮೂರು ದಿನಗಳ ಮಾತನ್ನು ಹೆಚ್ಚು ನೆಚ್ಚಬಹುದು. ಮುಂದಿನವು ಹವೆಯ ಒಲವನ್ನು ತಿಳಿಸುವಂಥವು. ಆದುದರಿಂದ ಸೋಮವಾರ ಕೇಳಿದ್ದನ್ನು ಶನಿವಾರದವರೆಗೆ ಹಿಡಿದು ಕೂಡದೆ, ದಿನದಿನವೂ ಹೊಸದನ್ನು ಕೇಳಬೇಕು. ಮೋಡ ಹುಟ್ಟಿದ ಮೇಲಂತೂ ಪಣಜಿಯ ಡಾಪ್ಲರ್ ರಾಡಾರಿನಂಥ ಉಪಕರಣಗಳ ನೆರವಿನಿಂದ ಎರಡು ಮೂರು ಗಂಟೆಗಳ ಮಟ್ಟಿಗೆ ಎಚ್ಚರಿಕೆ ದೊರೆಯುತ್ತದೆ.

ಹಾಗಾದರೆ ಅಶ್ವಿನಿ, ಭರಣಿ, ಕೃತ್ತಿಕೆಯರ ಮಳೆಲೆಕ್ಕ ನಿರರ್ಥಕವೆ? ಅಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬ ಆ ಗಣನೆ, ಅನೇಕ ವರ್ಷಗಳ ಅನುಭವದ ಸರಾಸರಿ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಹೂಡಿದರೆ ಅಡ್ಡಮಳೆಯ ಕಾಲ ಬಂದಿತೆಂದು ಅದು ತಿಳಿಸುತ್ತದೆ. ಈ ವರ್ಷದ ಈ ವಾರದ ಸುದ್ದಿ ಅದರಲ್ಲಿಲ್ಲ. ಒಂದು ಕಾಲದ ಗುಣವನ್ನು ಹೇಳಿದರೆ ಇನ್ನೊಂದು ದಿನದ ಗುಣವನ್ನು ಹೇಳುತ್ತದೆ. ಎರಡೂ ಬೇಕು.

ಇನ್ನು ನಿರ್ಧಾರದ ಮಾತು. ಮಳೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಕಣದ ರಾಶಿಗೆ ತಾಡಪತ್ರಿ ಹೊದಿಸಲು ತಗಲುವುದು ಒಂದು ಸಂಜೆಯ ದುಡಿಮೆ. ಹೊದಿಸದೆ ಮಳೆ ಬಂದರೆ ಜೋಳ ಕಪ್ಪಿಡುತ್ತದೆ, ಪೇಟೆಯಲ್ಲಿ ದರ ಇಳಿಯುತ್ತದೆ. ಕಣಿಕೆ ಕೊಳೆತರೆ ಎತ್ತುಗಳಿಗೆ ಮೇವಿಲ್ಲ. ಮೂರು ಸಲ ಹೊದಿಸಿದ್ದು ವ್ಯರ್ಥವಾದರೂ ನಾಲ್ಕನೆಯ ಸಲದ ಉಳಿತಾಯ ಆ ಶ್ರಮವನ್ನೆಲ್ಲ ತೀರಿಸುತ್ತದೆ. ಬಿತ್ತನೆಯ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಒಂದು ಅಡ್ಡಮಳೆಯನ್ನು ನಂಬಿ ಬೀಜ ಹಾಕಿದರೆ ಮುಂದಿನ ಬಿಸಿಲಿಗೆ ಮೊಳಕೆ ಸುಡುತ್ತದೆ. ಆ ಹಸಿಯಲ್ಲಿ ನೆಲವನ್ನು ಹರಗಿ ಹದಮಾಡಿಕೊಂಡು ಮುಂಗಾರಿಗೆ ಕಾಯುವುದೇ ಜಾಣತನ.

ಕಾಳಿಗಿಂತ ಜೀವ ದೊಡ್ಡದು. ಮಿಂಚು ಕಂಡು ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಬಯಲು ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ಬಯಲಿನ ಒಂಟಿ ಬೇವಿನ ಮರ ಬಿಸಿಲಿಗೆ ನೆರಳು ಕೊಡುತ್ತದೆ, ಸಿಡಿಲಿಗಲ್ಲ. ಕುರಿ ಕಾಯುವ ಹುಡುಗರಿಗೆ ಇದಿಷ್ಟನ್ನಾದರೂ ಈ ವಾರವೇ ಮನವರಿಕೆ ಮಾಡಿಕೊಡಿರಿ.