ತಬ್ಬಲಿಗಳೂ ಅಜ್ಜಿಯರೂ

ಉಗಾಂಡ ದೇಶದ ರಾಕಾಯಿ ಜಿಲ್ಲೆಯಲ್ಲಿ 1982ರಲ್ಲಿ ಕಾಣಿಸಿಕೊಂಡ ಏಡ್ಸ್ ವ್ಯಾಧಿಗೆ, ರೋಗಿಯು ಕೃಶನಾಗುತ್ತ ಹೋಗುವುದರಿಂದ, ಅಲ್ಲಿಯ ಜನರು ‘ಸ್ಲಿಮ್’ ಎಂದು ಹೆಸರಿಟ್ಟರು. ಅದು ಬಹುಮಟ್ಟಿಗೆ ದುಡಿಯುವ ಪ್ರಾಯದವರನ್ನೇ ಒಯ್ದಿತು. ದಂಪತಿಗಳಲ್ಲಿ ಒಬ್ಬರಿಂದೊಬ್ಬರಿಗೆ ಹರಡುವುದರಿಂದ ಎಷ್ಟೋ ಮನೆಗಳಲ್ಲಿ ತಂದೆಯ ಹಿಂದೆಯೇ ತಾಯಿಯೂ ತೀರಿಕೊಂಡಳು.

ಮಕ್ಕಳ ಸಂಕಟವಾದರೋ ಮರಣಕ್ಕೆ ಮುನ್ನವೇ ಮೊದಲಾಗುವುದು. ಚಿಕಿತ್ಸೆಗಾಗಿ ದನಕರುಗಳು ಮಾರಾಟವಾಗುವುವು; ಶುಶ್ರೂಷೆಗಾಗಿ ಹೆಣ್ಣುಮಗಳು ಶಾಲೆ ಬಿಡುವಳು. ಅನಂತರ ಮೊಮ್ಮಕ್ಕಳ ಭಾರವು ಮುದಿ ಅಜ್ಜಿಯ ಹೆಗಲಿಗೆ ಬೀಳುವುದು. ಅವಳೂ ಇಲ್ಲವಾದಲ್ಲಿ ಹಿರಿಯ ಮಗುವೇ ಮನೆಯ ಯಜಮಾನ. ತಂದೆಯೊಡನೆ ಹೊಲಕ್ಕೆ ಹೋಗಿ ಕಲಿಯಬೇಕಾಗಿದ್ದ ಬೇಸಾಯವೂ ಆ ಮಗುವಿಗೆ ದಕ್ಕದು.

ಕೆನ್ಯಾ ದೇಶವು 2003ರಲ್ಲಿ ಪ್ರಾಥಮಿಕ ಶಾಲಾಶುಲ್ಕವನ್ನು ತೆಗೆದುಹಾಕಿದುದು ಇಂತಹ ಮಕ್ಕಳಿಗೂ ಬಾಗಿಲು ತೆರೆಯಿತು. ನಿತ್ಯವೂ ಸೇವಿಸುವ ಔಷಧದಿಂದ ಈಗ ಸೋಂಕಿತರು ದೀರ್ಘಕಾಲ ಬಾಳಬಲ್ಲರು. ತಬ್ಬಲಿಗೆ ಅನ್ನವಿಕ್ಕುವುದು ಪುಣ್ಯ. ತಾಯಿಯನ್ನು ಉಳಿಸಿ ಮಗುವು ತಬ್ಬಲಿಯಾಗದಂತೆ ಕಾಯುವುದು ಅದಕ್ಕೂ ಮಿಗಿಲು.